ತಿಂಗಳ ಕಾಣಿಕೆ: ಲೆಕ್ಕ ತಪ್ಪದಂತೆ ಕೊಡುವುದು ಹೇಗೆ?

ಚರ್ಚಿನ ಹೊಸ ವರ್ಷದ ಆರಾಧನೆಯಲ್ಲಿ ದಶಮಾಂಶ, ಅಂದರೆ ಆದಾಯದ ಹತ್ತರಲ್ಲೊಂದು ಪಾಲು, ಕೊಡುತ್ತೇನೆಂದು ತೀರ್ಮಾನ ಮಾಡುವವರು ಬಹಳ ಜನ. ಮಾರ್ಚ್ ಹೊತ್ತಿಗೆ ಹಲವರ ಕಾಣಿಕೆ ಕವರ್ ಬರುವುದೇ ನಿಂತಿರುತ್ತದೆ. ಹೆಚ್ಚಾಗಿ ಕೆಡುವುದು ಲೆಕ್ಕದಲ್ಲಿ.

ಮೊದಲು, ಎಲ್ಲಿಗೆ? ನೀವು ಭಾನುವಾರ ಹೋಗುವ ಸಭೆಗೇ, ಅಂದರೆ ನಿಮ್ಮ ಚರ್ಚಿಗೇ, ಕೊಡಿ. ಟಿವಿಯಲ್ಲಿ ಸಾವಿರ ಬಿತ್ತಿದರೆ ಲಕ್ಷ ಕೊಯ್ಯಬಹುದು ಎನ್ನುವವರ ನಂಬರಿಗೆ ಒಂದು ರೂಪಾಯಿಯೂ ಹಾಕಬೇಡಿ.

ಇನ್ನು ಮೊತ್ತ. ಎಲ್ಲರೂ ಎಡವುವುದು ಇಲ್ಲೇ. ಬೈಬಲಿನ ಮಲಾಕಿಯ 3:10 ಓದಿ ಹತ್ತರಲ್ಲೊಂದು ಎನ್ನುತ್ತೇವೆ. ಆದರೆ ಯಾವ ಹತ್ತರಲ್ಲಿ? ಸಂಬಳದವರು ತೆರಿಗೆ, ಪಿಎಫ್ ಕಳೆದು ಕೈಗೆ ಬಂದದ್ದನ್ನು ಹಿಡಿಯಲಿ. 28,000 ಬಂದರೆ 2,800. ಪಿಎಫ್ ಕೈಗೆ ಬಂದ ದಿನ ಅದರದ್ದು ಕೊಟ್ಟರಾಯಿತು. ಒಟ್ಟು ಸಂಬಳದ ಮೇಲೇ ಕೊಡಬೇಕು ಎನ್ನುವವರೂ ಇದ್ದಾರೆ, ಅವರ ಜೊತೆ ವಾದ ಬೇಡ.

ಅಂಗಡಿಯವರ ಕಥೆ ಬೇರೆ. ತಿಂಗಳಿಗೆ 80,000 ವ್ಯಾಪಾರ ಆಯಿತು ಅಂದುಕೊಳ್ಳಿ. ಸರಕಿಗೆ 62,000, ಬಾಡಿಗೆ, ಕರೆಂಟಿಗೆ 6,000 ಹೋದರೆ ಉಳಿಯುವುದು 12,000. ದಶಮಾಂಶ 1,200. ಉತ್ಸಾಹದಲ್ಲಿ ವ್ಯಾಪಾರದ ಮೇಲೆ ಲೆಕ್ಕ ಹಾಕಿ 8,000 ಕೊಟ್ಟವರು ಮುಂದಿನ ತಿಂಗಳು ಸಾಲ ಮಾಡುತ್ತಾರೆ, ಆಮೇಲೆ ಚರ್ಚಿಗೇ ಬರುವುದಿಲ್ಲ. ಕಾಫಿ, ಅಡಿಕೆಯವರಿಗೆ ದುಡ್ಡು ಬರುವುದು ಫಸಲು ಮಾರಿದಾಗ. ತಿಂಗಳು ತಿಂಗಳು ಚಿಕ್ಕದಾಗಿ ಕೊಟ್ಟು, ಮಾರಿದ ಮೇಲೆ ದಶಮಾಂಶದಲ್ಲಿ ಬಾಕಿ ಉಳಿದದ್ದನ್ನು ಕೊಡಿ.

ಹತ್ತು ಆಗುವುದಿಲ್ಲವೇ? ಮೂರು ಪರ್ಸೆಂಟ್‌ನಿಂದ ಶುರು ಮಾಡಿ. 2 ಕೊರಿಂಥ 9:7ರಲ್ಲಿ ಅಪೊಸ್ತಲ ಪೌಲ ಪರ್ಸೆಂಟ್ ಹೇಳಿಲ್ಲ. ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಷ್ಟನ್ನು ಗೊಣಗದೆ ಕೊಡಿ ಎಂದಿದ್ದಾನೆ. ಅಮ್ಮನ ಔಷಧಿ ನಿಲ್ಲಿಸಿ ಕಾಣಿಕೆ ಕೊಡುವುದಂತೂ ಬೇಡವೇ ಬೇಡ. ತಂದೆ ತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’ ಎಂದು ದೇವರ ಲೆಕ್ಕಕ್ಕೆ ಬರೆಯುವವರನ್ನು ಯೇಸು ಗದರಿದ್ದು ಮಾರ್ಕ 7ರಲ್ಲಿದೆ.

ಮೊತ್ತ ಗೊತ್ತಾದ ಮೇಲೆ, ಸಂಬಳ ಬಂದ ದಿನವೇ ತೆಗೆದಿಡಿ. ತಿಂಗಳ ಕೊನೆಗೆ ಉಳಿದದ್ದರಲ್ಲಿ ಕೊಡುತ್ತೇನೆ ಅಂದರೆ ಏನೂ ಉಳಿಯುವುದಿಲ್ಲ, ಅಲ್ವಾ? ವಾರದ ಮೊದಲ ದಿನವೇ ತೆಗೆದಿಡಿ ಎಂದು 1 ಕೊರಿಂಥ 16:2 ಹೇಳುತ್ತದೆ. ಮಿಜೋರಾಂನ ಕ್ರೈಸ್ತ ಮನೆಗಳಲ್ಲಿ ಅಡುಗೆಗೆ ಅಕ್ಕಿ ಅಳೆಯುವಾಗಲೇ ಒಂದು ಹಿಡಿ ಸಭೆಗೆಂದು ಬೇರೆ ಇಡುತ್ತಾರೆ. ದಿನಗೂಲಿಯವರಿಗೆ ಈ ಕ್ರಮವೇ ಸರಿ: ಸಂಜೆ ಡಬ್ಬಿಗೆ ಹಾಕಿ, ಭಾನುವಾರ ಎಣಿಸಿ.

ಕೊಡುವುದು ಸುಲಭ. ಕವರ್ ಮೇಲೆ ಹೆಸರು, ತಿಂಗಳು ಬರೆದು ಹಾಕಿ. ಒಳಗಿನ ನೋಟು ಕಾಣಿಸುವ ತೆಳು ಬಿಳಿ ಕವರ್ ಮಾತ್ರ ಬೇಡ. ಪಕ್ಕದಲ್ಲಿ ಕೂತವರು ಎಣಿಸುತ್ತಾರೆ. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಪರದೆಯಲ್ಲಿ ಸಭೆಯ ಹೆಸರೇ ಬರಬೇಕು. ಯಾರದೋ ಸ್ವಂತ ಹೆಸರು ಬಂದರೆ ನಿಲ್ಲಿಸಿ, ಖಜಾಂಚಿಯನ್ನು ಕೇಳಿ. ಆಟೋಪೇ ನನಗೆ ಇಷ್ಟವಿಲ್ಲ. ಸುಮ್ನೆ ಕರೆಂಟ್ ಬಿಲ್ ಕಟ್ಟಿದ ಹಾಗಾಗುತ್ತದೆ.

ರಸೀದಿ ಇಟ್ಟುಕೊಳ್ಳಿ. ಆದರೆ ದೇಣಿಗೆಗೆ ಸಿಗುವ ತೆರಿಗೆ ರಿಯಾಯಿತಿ ನಂಬಿ ಮೊತ್ತ ನಿಗದಿ ಮಾಡಬೇಡಿ. ಒಂದೇ ಧರ್ಮದ ಜನರಿಗೆಂದು ಇರುವ ಸಂಸ್ಥೆಗಳಿಗೆ ಸಾಮಾನ್ಯವಾಗಿ ಅದು ಸಿಗುವುದಿಲ್ಲ.

ಸಂಬಳ ಏರಿದ ತಿಂಗಳೇ ಮೊತ್ತ ತಿದ್ದಿ, ಇಳಿದರೂ ಹಾಗೆಯೇ. ಕೆಲಸ ಹೋಗಿ ಎರಡು ತಿಂಗಳು ಕೊಡಲಾಗದಿದ್ದರೆ ಅದನ್ನು ಬಾಕಿ ಎಂದು ಬರೆದಿಡಬೇಡಿ. ಮತ್ತೆ ಸಂಬಳ ಬಂದಾಗ ಆ ತಿಂಗಳದ್ದು ಮಾತ್ರ ಕೊಡಿ.