15 ಗುಂಟೆಯ ಖಿಚಡಿ

'ಹೊಲ ಮಾಡಿಯೋ, ಖಿಚಡಿ ಮಾಡಿಯೋ ತಮ್ಮಾ?' ಅಂತ ನಾನು ಹೂವು ಎಲ್ಲಾ ಬೆರೆಸಿ ಹಚ್ಚಿದ್ದು ನೋಡಿ ನಮ್ಮ ಕಾಕಾ ಬದುವಿನ ಮೇಲೆ ನಿಂತು ನಕ್ಕಿದ್ದರು. ಈ ದೀಪಾವಳಿ ಮುಗಿದ ಮೇಲೆ ಅದೇ ಕಾಕಾ ಮನೆಗೆ ಬಂದು ಗಲಾಟೆ (ಗೈಲಾರ್ಡಿಯಾ) ಹೂವಿನ ಸಸಿ ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಳಂದ ಕಡೆಯ ಕರಿ ಮಣ್ಣು ನಮ್ಮದು. ಸುತ್ತ ಎಲ್ಲಾ ತೊಗರಿ. ಬಾವಿ ಪಕ್ಕದ 15 ಗುಂಟೆ ಮಾತ್ರ ಹೂವಿಗೆ. ಮೊದಲ ವರ್ಷ ಪೂರ್ತಿ ಚೆಂಡು ಹೂವು ಹಚ್ಚಿದೆ. ದಸರಾಕ್ಕೆ ಕಿಲೋಗೆ 60 ಇದ್ದದ್ದು ಹಬ್ಬ ಮುಗಿದ ವಾರಕ್ಕೆ 8ಕ್ಕೆ ಬಿತ್ತು. ಕಲಬುರಗಿಗೆ ಒಯ್ಯುವ ಟೆಂಪೋ ಬಾಡಿಗೆಯೂ ಹುಟ್ಟಲಿಲ್ಲ. ಚೀಲಗಟ್ಟಲೆ ತಿಪ್ಪೆಗೆ ಸುರಿದೆ. ತಿಪ್ಪೆ ಚಂದ ಕಾಣುತ್ತಿತ್ತು, ಅಷ್ಟೇ.

ಮರುವರ್ಷ ಎಲ್ಲಾ ಬೆರೆಸಿದೆ. ಒಂದೇ ಸಾಲಿನಲ್ಲಿ ಒಂದು ಚೆಂಡು, ಒಂದು ಸೇವಂತಿ, ಒಂದು ಗಲಾಟೆ. ನೋಡೋಕೆ ಜಾತ್ರೆ, ಬಿಡಿಸೋಕೆ ಮಾತ್ರ ಫಜೀತಿ. ಚೆಂಡು ಮೈ ಬಿಟ್ಟು ಸೇವಂತಿಯನ್ನು ಮುಚ್ಚಿತು. ಮಳೆ ಜೋರಾದಾಗ ನೀರು ನಿಂತು ಸೇವಂತಿ ಬೇರು ಕೊಳೆತವು. 14 ಸಾವಿರದ ಹತ್ತಿರ ಹೋಯಿತು, ಕೂಲಿ ಬೇರೆ.

ಆಮೇಲೆ ಒಂದೊಂದು ಹೂವು ಬೇರೆ ಬೇರೆ ಪಟ್ಟಿಯಾಗಿ ಹಚ್ಚಿದೆ. ಏರು ಮಡಿ, ಪಟ್ಟಿಗೊಂದು ಡ್ರಿಪ್ ವಾಲ್ವ್. ಸುಗಂಧರಾಜದ ಬೇರಲ್ಲಿ ಗಂಟು ಕಂಡಿದ್ದವು, ಅದಕ್ಕೆ ಅದರ ಎರಡೂ ಬದಿಗೆ ಚಿಕ್ಕ ಚೆಂಡು. ಚೆಂಡಿನ ಬೇರಿಗೆ ಆ ಗಂಟು ಮಾಡುವ ಸಣ್ಣ ಹುಳು ತಗ್ಗುತ್ತದೆ. ಆಚೆ ಗಲಾಟೆ, ಕೊನೆಗೆ ಸೇವಂತಿ.

ಸೇವಂತಿ ಮತ್ತೆ ಕೈಕೊಟ್ಟಿತು. ಗಿಡ ದಷ್ಟಪುಷ್ಟ, ಮೊಗ್ಗೇ ಇಲ್ಲ. ಗೊಬ್ಬರ ಕಮ್ಮಿ ಅಂದುಕೊಂಡು 1,200 ರೂಪಾಯಿ ಸುರಿದೆ. ಒಂದು ದಿನ ನೋಡಿದರೆ ಬೇವಿನ ಮರದ ಮರೆಯಲ್ಲಿದ್ದ ಅರ್ಧ ಸಾಲು ಮಾತ್ರ ಮೊಗ್ಗು ಹಿಡಿದಿತ್ತು. ಹಂದಿ ಕಾಟಕ್ಕೆ ಅಂತ ಪಂಪ್ ಮನೆ ಮೇಲೆ ನಾನೇ ಹಾಕಿದ್ದ ದೊಡ್ಡ ಬಲ್ಬಿನ ಬೆಳಕು ಅಲ್ಲಿಗೆ ಬೀಳುತ್ತಿರಲಿಲ್ಲ! ಸೇವಂತಿಗೆ ಉದ್ದನೆಯ ಕತ್ತಲೆ ರಾತ್ರಿ ಬೇಕು. ಬಲ್ಬ್ ಕಿತ್ತ ಮೂರ್ನಾಲ್ಕು ವಾರಕ್ಕೆ ಉಳಿದವೂ ಮೊಗ್ಗು ಬಿಟ್ಟವು. ಹಂದಿಗೆ ಈಗ ಬೇರೆ ಉಪಾಯ ಮಾಡಿದ್ದೇನೆ, ಅದು ನನ್ನ ಹತ್ತಿರವೇ ಇರಲಿ. ಸೇವಂತಿಯ ಕುಡಿ ಯಾವ ವಾರ ಚಿವುಟುತ್ತೇನೆ ಅನ್ನೋದೂ ಅಷ್ಟೇ.

ನಡುವೆ ಸುಮ್ನೆ ಹೈಬ್ರಿಡ್ ಚೆಂಡಿನ ಬೀಜ ಉಳಿಸಿ ಹಾಕಿ ನೋಡಿದೆ. ಒಂದೊಂದು ಗಿಡ ಒಂದೊಂದು ಥರ ಬಂತು. ಮಾರೋಕೆ ಬರಲಿಲ್ಲ, ಆದರೆ ಕಿತ್ತು ಹಾಕೋಕೂ ಮನಸ್ಸು ಬರಲಿಲ್ಲ. ಅಂಚಿಗೆ ಹಳದಿ ಬಳಿದುಕೊಂಡ ಕೆಂಪು ಗಲಾಟೆ, ಪಕ್ಕದಲ್ಲಿ ಈ ಅಡ್ಡಾದಿಡ್ಡಿ ಚೆಂಡು, ಮೇಲೆ ಸುಗಂಧರಾಜದ ಬಿಳಿ ಕಡ್ಡಿ. ಸಂಜೆ ಅದರ ವಾಸನೆ ಏಳೋ ಹೊತ್ತಿಗೆ ರಸ್ತೆಯಲ್ಲಿ ಬೈಕು ನಿಲ್ಲಿಸಿ ಫೋಟೋ ತೆಗೆಯೋರು ದಿನಾ ಇಬ್ಬರಾದರೂ ಇರುತ್ತಾರೆ.

ದುಡ್ಡು ಬಂದಿದ್ದು ಫೋಟೋದಿಂದಲ್ಲ ಬಿಡಿ. ಹಾರ ಕಟ್ಟುವವರಿಗೆ ನಾಲ್ಕೂ ಹೂವು ಒಬ್ಬನ ಹತ್ತಿರವೇ ಸಿಗುತ್ತವೆ, ಅಲ್ವಾ? ಒಂದರ ರೇಟು ಬಿದ್ದರೆ ಇನ್ನೊಂದು ಎತ್ತುತ್ತದೆ. ಈ ವರ್ಷ ಖರ್ಚು ಕಳೆದು 55 ಸಾವಿರದ ಆಸುಪಾಸು ಉಳಿದಿದೆ.

ಕಾಕಾಗೆ 200 ಸಸಿ ಕೊಟ್ಟೆ. ಅದರ ದುಡ್ಡು ಇನ್ನೂ ಬಂದಿಲ್ಲ.