ಕರೆಂಟಿಲ್ಲದ ಮಳೆಗಾಲಕ್ಕೆ ಸಾಲಿಟೇರ್

ಶಿರಸಿ ಕಡೆ ಮಳೆ ಹಿಡಿದರೆ ಕರೆಂಟು ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಇಸ್ಪೀಟು ಆಡೋಣ ಅಂದರೆ ನಾಲ್ಕು ಜನ ಸೇರುವುದಿಲ್ಲ. ಆಗ ಒಬ್ಬರೇ ಆಡುವ ಸಾಲಿಟೇರ್ ಇದೆಯಲ್ಲ! 1990ರಲ್ಲಿ ವಿಂಡೋಸ್ 3.0 ಜೊತೆ ಬಂದ ಅದೇ ಆಟ, ಕ್ಲಾಂಡೈಕ್ ಅಂತ ಹೆಸರು. ಜಗಲಿಯಲ್ಲಿ ಚಾಪೆ ಹಾಸಿ ಆಡಿದರೆ ಇನ್ನೂ ಮಜಾ.

ಪ್ಲಾಸ್ಟಿಕ್ ಎಲೆಯ ಕಟ್ಟೇ ಇರಲಿ, ಕಾಗದದ್ದು ಥಂಡಿಗೆ ಅಂಟಿಕೊಂಡು ಕಲಸಲಿಕ್ಕೇ ಬರುವುದಿಲ್ಲ. ಕವಳ ಹಾಕಿದ ಬೆರಳಲ್ಲಿ ಮುಟ್ಟಬೇಡಿ. ಬೆನ್ನ ಮೇಲಿನ ಸುಣ್ಣದ ಗುರುತು ನೋಡಿಯೇ ಎಲೆ ಯಾವುದು ಅಂತ ಗೊತ್ತಾದರೆ ಆಟ ಕೆಟ್ಟಿತು.

ಜೋಕರ್ ತೆಗೆದಿಡಿ. 52 ಎಲೆ ಕಲಸಿ ಏಳು ಸಾಲು ಹಾಕಿ: ಮೊದಲನೇದಕ್ಕೆ ಒಂದು, ಎರಡನೇದಕ್ಕೆ ಎರಡು, ಹೀಗೆ ಏಳರವರೆಗೆ. ಪ್ರತಿ ಸಾಲಿನ ಕೊನೆಯ ಎಲೆ ಮಾತ್ರ ತೆರೆದಿರಲಿ. ಉಳಿದ 24 ಎಲೆ ಕೈಕಟ್ಟು. ಸಾಲಿನಲ್ಲಿ ಇಳಿಕೆ ಲೆಕ್ಕ, ಬಣ್ಣ ಬದಲಾಗುತ್ತಾ ಹೋಗಬೇಕು: ಕಪ್ಪು ರಾಜನ ಮೇಲೆ ಕೆಂಪು ರಾಣಿ, ಅವಳ ಮೇಲೆ ಕಪ್ಪು ಗುಲಾಮ. ತೆರೆದ ಎಲೆಗಳನ್ನು ಸರಣಿ ಸಮೇತ ಎತ್ತಿ ಇಡಬಹುದು. ಎಕ್ಕ ಸಿಕ್ಕರೆ ಮೇಲೆ ಮನೆ ಕಟ್ಟಿ. ಅಲ್ಲಿ ಎಕ್ಕದಿಂದ ರಾಜನವರೆಗೆ ಒಂದೇ ಜಾತಿ, ಆಟೀನಾದರೆ ಆಟೀನೇ, ಏರುತ್ತಾ ಹೋಗಬೇಕು. ನಾಲ್ಕೂ ಮನೆ ತುಂಬಿದರೆ ಗೆದ್ದಿರಿ. ಕೈಕಟ್ಟನ್ನು ಮೂರು ಮೂರಾಗಿ ಮಗುಚಿ, ಮೇಲಿನದ್ದನ್ನು ಮಾತ್ರ ಬಳಸಿ. ಒಂದೊಂದಾಗಿ ಮಗುಚುವುದು ಸುಲಭ, ಆದರೆ ಸಪ್ಪೆ.

ಇಷ್ಟು ಎಲ್ಲರಿಗೂ ಗೊತ್ತು. ಸೋಲುವುದು ಅವಸರಕ್ಕೆ. ಮುಚ್ಚಿದ ಎಲೆ ತೆರೆಸುವುದೇ ಮುಖ್ಯ ಕೆಲಸ, ಮನೆ ತುಂಬುವುದು ಆಮೇಲೆ. ಕಳಾವರ್ ಒಂಬತ್ತು ತೆರೆದಿದೆ ಅನ್ನಿ. ಆಟೀನು ಎಂಟು ಎರಡನೇ ಸಾಲಲ್ಲಿದೆ, ಡೈಮಂಡ್ ಎಂಟು ಆರನೇದರಲ್ಲಿದೆ, ಎರಡೂ ಕೆಂಪು, ಹಾಗಾಗಿ ಕಪ್ಪು ಕಳಾವರ್ ಮೇಲೆ ಕೂರುತ್ತವೆ. ಆರನೇದನ್ನೇ ಎತ್ತಿ, ಅದರಡಿ ಐದು ಎಲೆ ಮುಚ್ಚಿಕೊಂಡು ಕೂತಿವೆ, ಎರಡನೇದರಡಿ ಒಂದೇ.

ಎಕ್ಕ, ಎರಡನ್ನು ಕಂಡ ಕೂಡಲೇ ಮನೆಗೆ ಕಳಿಸಿ, ಚಿಂತೆಯಿಲ್ಲ. ಮೂರರಿಂದಾಚೆ ಸ್ವಲ್ಪ ತಡೆಯಿರಿ. ಕಪ್ಪು ಐದುಗಳೆರಡನ್ನೂ ಕಳಿಸಿದ ಮೇಲೆ ಆಟೀನು ನಾಲ್ಕು ಬಂದರೆ ಕೂರಿಸುವುದೆಲ್ಲಿ, ಅಲ್ವಾ? ಸಾಲು ಖಾಲಿ ಮಾಡುವಾಗಲೂ ಅಷ್ಟೇ. ಖಾಲಿ ಜಾಗಕ್ಕೆ ರಾಜ ಮಾತ್ರ ಬರಬಹುದು, ರಾಜ ಕೈಗೆ ಸಿಗುವ ಹಾಗಿಲ್ಲದಿದ್ದರೆ ಸುಮ್ನೆ ಖಾಲಿ ಮಾಡಿ ಏನು ಉಪಯೋಗ? ಇಬ್ಬರು ರಾಜರಿದ್ದರೆ, ಜಾಗ ಕಾಯುತ್ತಿರುವ ರಾಣಿಯ ಬಣ್ಣ ನೋಡಿ ಆರಿಸಿ.

ಕೈಕಟ್ಟು ಪೂರ್ತಿ ಒಂದು ಸುತ್ತು ಬಂದರೂ ಎಲ್ಲೂ ಒಂದು ಎಲೆ ಅಲ್ಲಾಡದಿದ್ದರೆ ಬಿಟ್ಟುಬಿಡಿ. ಕೆಲವು ಆಟ ಹೇಗೆ ಆಡಿದರೂ ಗೆಲ್ಲಲಿಕ್ಕೆ ಬರುವುದಿಲ್ಲ. ಬಾಚಿ, ಚೆನ್ನಾಗಿ ಕಲಸಿ, ಮತ್ತೆ ಹಾಕಿ.