ಒಂದು ಮೀಟರ್ ಕೋಲು, ಏಳು ತಿಂಗಳ ನೆರಳು

ನಮ್ಮ ಶಾಲೆಯ ಮೈದಾನದ ಮೂಲೆಯಲ್ಲಿ ಒಂದು ಸರ್ವೆ ಮರದ ಕೋಲು ನೆಟ್ಟಿದ್ದೇವೆ. ನೆಲದಿಂದ ಮೇಲಕ್ಕೆ ಸರಿಯಾಗಿ ಒಂದು ಮೀಟರ್. ಸುತ್ತ ಸಗಣಿ ಸಾರಿಸಿದ ನೆಲ, ಅದರ ಮೇಲೆ ಒಂದಷ್ಟು ಬೆಣಚು ಕಲ್ಲು. ಹೊರಗಿನಿಂದ ಬಂದವರು ಇದೇನು ಅಂತ ಕೇಳಿದರೆ ಮಕ್ಕಳು ‘ನಮ್ಮ ಪ್ರಯೋಗಶಾಲೆ’ ಅನ್ನುತ್ತಾರೆ.

ಬೆಂಗಳೂರಿನ ಹೊರಗಿರುವ ಸಣ್ಣ ಸ್ವತಂತ್ರ ಶಾಲೆ ನಮ್ಮದು. ಆರು, ಏಳನೇ ತರಗತಿ ಒಟ್ಟಿಗೇ ಕೂರುತ್ತವೆ, ಸೇರಿ ಹದಿನೆಂಟು ಮಕ್ಕಳು. ಅವರಿಗೆ ಗಣಿತ, ವಿಜ್ಞಾನ ಕಲಿಸುವುದು ನನ್ನ ಕೆಲಸ. ಕೈಯಾರೆ ಮಾಡಿ ಕಲಿಯುವುದು ಅಂದರೆ ಥರ್ಮಾಕೋಲ್ ಮಾಡೆಲ್ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಪ್ಪ ಅಮ್ಮ ರಾತ್ರಿ ಹನ್ನೊಂದರವರೆಗೆ ಕೂತು ಅಂಟಿಸಿದ ಸೌರಮಂಡಲದಿಂದ ಮಗು ಏನು ಕಲಿಯುತ್ತದೆ, ಹೇಳಿ? ನನಗೆ ಬೇಕಿದ್ದದ್ದು ಉತ್ತರ ಮೊದಲೇ ಗೊತ್ತಿಲ್ಲದ ಕೆಲಸ.

ಆದರೆ ಮೊದಲ ವರ್ಷ ನಾನೇ ಅದನ್ನು ಕೆಡಿಸಿದೆ. ಡಿಸೆಂಬರ್ 21ರ ಮಧ್ಯಾಹ್ನ ನೆರಳು 74 ಸೆಂಟಿಮೀಟರ್ ಇರಬೇಕು ಅಂತ ಹಿಂದಿನ ದಿನವೇ ಬೋರ್ಡ್ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಮಾರನೇ ದಿನ ಎಲ್ಲರೂ ಹೊರಗೆ ಹೋಗಿ ಅಳೆದು ಬಂದರು. ಹದಿನೆಂಟು ಪುಸ್ತಕದಲ್ಲೂ 74. ಆವತ್ತು ಮಧ್ಯಾಹ್ನ ಮೋಡ ಕವಿದಿತ್ತು, ನೆರಳೇ ಸರಿಯಾಗಿ ಬಿದ್ದಿರಲಿಲ್ಲ. ಮಕ್ಕಳದ್ದು ಮೋಸ ಅಲ್ಲ. ಅವರು ‘ಅಕ್ಕ’ ಅನ್ನುವ ನಾನೇ ಹೇಳಿದ ಮೇಲೆ ಅಳೆಯುವುದಕ್ಕೆ ಏನು ಉಳಿದಿತ್ತು?

ಮುಂದಿನ ವರ್ಷ ಡಿಸೆಂಬರ್ ಮೊದಲ ವಾರ ಶುರು ಮಾಡಿದಾಗ ಒಂದೇ ಮಾತು ಹೇಳಿದೆ: ‘ಮಧ್ಯಾಹ್ನದ ನೆರಳು ಎಷ್ಟುದ್ದ ಇದೆ, ನೋಡ್ಕೊಂಡು ಬನ್ನಿ.’ ಬಾಯಿ ಬಿಗಿಹಿಡಿದು ಕೂತೆ. ಅದು ಪಾಠ ಮಾಡುವುದಕ್ಕಿಂತ ಕಷ್ಟದ ಕೆಲಸ.

ಮೊದಲ ಜಗಳ ನೆರಳಿನ ತುದಿಯ ಬಗ್ಗೆ. ಒಬ್ಬಳು 70 ಅಂದಳು, ಇನ್ನೊಬ್ಬ 71.5. ಇಬ್ಬರೂ ನೆಲಕ್ಕೆ ಮೂಗು ಹಚ್ಚಿ ನೋಡಿದರೂ ತುದಿ ಸಿಗಲಿಲ್ಲ. ಕಪ್ಪು ಬಣ್ಣ ಬೂದಿಯಾಗಿ, ಬೂದಿ ಬಿಸಿಲಿನಲ್ಲಿ ಕರಗಿಹೋಗುತ್ತಿತ್ತು. ಆ ಹುಡುಗಿ ಸುಮ್ನೆ ಕೈ ಅಡ್ಡ ಹಿಡಿದಳು. ನೆಲದ ಹತ್ತಿರ ಹಿಡಿದರೆ ಬೆರಳಿನ ನೆರಳು ಗೆರೆ ಕೊರೆದ ಹಾಗೆ ಸ್ಪಷ್ಟ. ಕೈ ಮೇಲೆತ್ತಿದಂತೆ ಮಸುಕು. ಸೂರ್ಯ ಒಂದು ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ತಟ್ಟೆ, ಅದಕ್ಕೇ ಅಂಚು ಮಸುಕಾಗುತ್ತದೆ ಅನ್ನುವ ಮಾತಿಗೆ ನಾವು ಬಂದದ್ದು ಹೀಗೆ. ಎರಡು ದಿನ ಬಿಟ್ಟು ಒಬ್ಬ ಹುಡುಗ ಹೊಂಗೆ ಮರದ ಕೆಳಗೆ ಬೀಳುವ ಬೆಳಕಿನ ದುಂಡು ಬಿಲ್ಲೆಗಳನ್ನು ತೋರಿಸಿದ. ಕೋಲಿನ ತುದಿಗೆ ತೂತು ಮಾಡಿದ ರಟ್ಟು ಸಿಕ್ಕಿಸಿದರೆ ಅಂಥದೇ ಬಿಲ್ಲೆ ಬೀಳುತ್ತದೆ, ಅದರ ನಡುಮಧ್ಯಕ್ಕೆ ಕಲ್ಲಿಟ್ಟರಾಯಿತು ಅಂದ. ಆಮೇಲೆ ತುದಿಯ ಜಗಳ ಬರಲಿಲ್ಲ.

ಎರಡನೇ ತೊಡಕು ಗಡಿಯಾರದ್ದು. ಐದೈದು ನಿಮಿಷಕ್ಕೆ ಅಳೆದಾಗ ಅತಿ ಗಿಡ್ಡ ನೆರಳು 12 ಗಂಟೆಗೆ ಬರಲೇ ಇಲ್ಲ. ಯಾವಾಗ ಬಂತು ಅನ್ನುವುದೂ ಸರಿಯಾಗಿ ತಿಳಿಯಲಿಲ್ಲ, ಯಾಕೆಂದರೆ ಆ ಹೊತ್ತಿನಲ್ಲಿ ಉದ್ದ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಆಗ ಹಳೆಯ ಶಂಕುವಿನ, ಅಂದರೆ ನೆರಳು ನೋಡಲು ನೆಟ್ಟ ಕೋಲಿನ, ವಿಧಾನ ಹೇಳಿಕೊಟ್ಟೆ. ಕೋಲಿನ ಸುತ್ತ ಹಗ್ಗ ಹಿಡಿದು ಒಂದು ವೃತ್ತ ಎಳೆಯಬೇಕು. ಬೆಳಿಗ್ಗೆ ನೆರಳಿನ ತುದಿ ವೃತ್ತ ಮುಟ್ಟಿದ ಕಡೆ ಒಂದು ಮೊಳೆ, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದ ಕಡೆ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವ-ಪಶ್ಚಿಮ. ಅದಕ್ಕೆ ಲಂಬವಾಗಿ ಕೋಲಿನಿಂದ ಎಳೆದರೆ ಉತ್ತರ. ದೇವಸ್ಥಾನ ಕಟ್ಟುವವರು ದಿಕ್ಕು ಗುರುತಿಸುತ್ತಿದ್ದದ್ದೂ ಹೀಗೇ. ನೆರಳು ಆ ಉತ್ತರದ ಗೆರೆ ದಾಟುವ ಗಳಿಗೆಯೇ ನಮ್ಮ ನಡುಮಧ್ಯಾಹ್ನ. ಡಿಸೆಂಬರ್ 21ಕ್ಕೆ ಅದು 12:18ರ ಆಸುಪಾಸು ಬಂತು, ಫೆಬ್ರವರಿ ಎರಡನೇ ವಾರ 12:34ರ ಹತ್ತಿರ. ನಮ್ಮ ಗಡಿಯಾರ ನಡೆಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ ರೇಖೆಯ ಲೆಕ್ಕದಲ್ಲಿ, ನಾವು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದ್ದೇವೆ, ಹಾಗಾಗಿ ನಡುಮಧ್ಯಾಹ್ನ ನಮಗೆ ತಡವಾಗಿ ಬರುತ್ತದೆ. ರೇಖಾಂಶದ ಪಾಠ ಅಲ್ಲೇ ಆಗಿಹೋಯಿತು. ತಿಂಗಳಿಂದ ತಿಂಗಳಿಗೆ ಯಾಕೆ ಬದಲಾಗುತ್ತದೆ ಅನ್ನುವುದನ್ನು ಮಾತ್ರ ದೊಡ್ಡ ತರಗತಿಗೆ ಬಿಟ್ಟೆ.

ನನಗೆ ತುಂಬ ಇಷ್ಟವಾದ ಪ್ರಶ್ನೆ ಬಂದದ್ದು ಸಂಕ್ರಾಂತಿಯ ಎಳ್ಳು ಬೀರಿದ ಮಾರನೇ ದಿನ. 74 ಇದ್ದ ನೆರಳು ಅಷ್ಟರಲ್ಲಿ 68ಕ್ಕೆ ಇಳಿದಿತ್ತು. ‘ಅಕ್ಕ, ಸಂಕ್ರಾಂತಿಯಿಂದ ಉತ್ತರಾಯಣ ಅಲ್ವಾ? ಸೂರ್ಯ ಆಗ್ಲೇ ಆರು ಸೆಂಟಿಮೀಟರ್ ಬಂದ್ಬಿಟ್ಟಿದ್ದಾನೆ. ಅಜ್ಜಿ ಹೇಳಿದ್ದು ತಪ್ಪಾ?’ ಅಂತ ಒಬ್ಬ ಕೇಳಿದ. ಅವನ ಮುಖದಲ್ಲಿ ನಿಜವಾದ ಸಂಕಟವಿತ್ತು. ಅಜ್ಜಿಯನ್ನು ಬಿಟ್ಟುಕೊಡುವ ಹಾಗಿಲ್ಲ, ಕಲ್ಲುಗಳನ್ನೂ ಬಿಡುವ ಹಾಗಿಲ್ಲ.

ನಾನು ಮನೆಯಿಂದ ಬುಗರಿ ತಂದೆ. ಬುಗರಿ ತಿರುಗುತ್ತಾ ತಿರುಗುತ್ತಾ ತಲೆ ನಿಧಾನಕ್ಕೆ ತೂಗಾಡುತ್ತದಲ್ಲ, ಭೂಮಿಯ ಅಕ್ಷವೂ ಹಾಗೇ. ಒಂದು ಸುತ್ತಿಗೆ ಸುಮಾರು 26,000 ವರ್ಷ. ನಮ್ಮ ಸಂಕ್ರಾಂತಿ ನಕ್ಷತ್ರಗಳ ಲೆಕ್ಕದ ಹಬ್ಬ, ನೆರಳು ತಿರುಗುವುದು ಅಕ್ಷ ಓರೆಯಾಗಿರುವುದರಿಂದ. ಸುಮಾರು 1,700 ವರ್ಷದ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು, ಆಮೇಲೆ ಎಪ್ಪತ್ತು ವರ್ಷಕ್ಕೊಂದು ದಿನದ ಹಾಗೆ ದೂರವಾಗುತ್ತಾ ಬಂದಿವೆ. ಅಜ್ಜಿಯ ಮಾತಿನಲ್ಲಿ ಹಳೆಯ ಆಕಾಶ ಉಳಿದುಕೊಂಡಿದೆ, ಅಷ್ಟೇ. ಹುಡುಗ ಅಂದು ಸಂಜೆ ಅಜ್ಜಿಗೆ ಬುಗರಿ ಆಡಿಸಿ ತೋರಿಸಿದನಂತೆ.

‘ಹೀಗೆಲ್ಲ ಮಾಡ್ತಾ ಕೂತರೆ ಪೋರ್ಷನ್ ಮುಗಿಯುತ್ತಾ?’ ಅಂತ ಪೋಷಕರು ಕೇಳುತ್ತಾರೆ. ಕೇಳುವುದು ಸರಿಯೇ. ನಮಗೆ ಹಿಡಿದದ್ದು ವಾರಕ್ಕೆ ಎರಡು ದಿನ ಇಪ್ಪತ್ತು ನಿಮಿಷ. ಅದರಲ್ಲಿ ದಶಾಂಶ, ಸರಾಸರಿ, ನಕ್ಷೆ, ಕೋನ ಎಲ್ಲ ಬಂದವು. ಸ್ವತಂತ್ರ ಶಾಲೆಯಾದ್ದರಿಂದ ನಮಗೆ ಇದು ಸುಲಭ ಅನ್ನುವವರೂ ಇದ್ದಾರೆ. ವೇಳಾಪಟ್ಟಿಯ ಸ್ವಾತಂತ್ರ್ಯ ನಮಗಿದೆ, ನಿಜ. ಆದರೆ 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ಪ್ರಯೋಗ ಮಾಡಿಯೇ ವಿಜ್ಞಾನ ಕಲಿಸುವ ಕಾರ್ಯಕ್ರಮ ಶುರುವಾದದ್ದು ಹಳ್ಳಿ ಕಡೆಯ 16 ಶಾಲೆಗಳಲ್ಲಿ. ಕೋಲು ನೆಡಲು ಫೀಸು ಬೇಕಿಲ್ಲ.

ಮಾರ್ಚ್ 21ರಂದು ದಿನವಿಡೀ ಇಟ್ಟ ಕಲ್ಲುಗಳ ಪಕ್ಕ ದಾರ ಹಿಡಿದು ನೋಡಿದರೆ ಎಲ್ಲವೂ ಒಂದೇ ನೇರ ಗೆರೆಯಲ್ಲಿದ್ದವು. ಡಿಸೆಂಬರಿನ ಕಲ್ಲುಗಳು ಬಿಲ್ಲಿನಂತೆ ಬಾಗಿದ್ದವು. ಮಧ್ಯಾಹ್ನದ ನೆರಳು ಬರೀ 23. ಸೂರ್ಯ ಸರಿಯಾಗಿ ನೆತ್ತಿಗೆ ಬಂದು ನೆರಳು ಪೂರ್ತಿ ಮಾಯವಾಗುವ ಏಪ್ರಿಲ್ 24ಕ್ಕೆ ಶಾಲೆಗೆ ರಜೆ. ಹಾಗಾಗಿ ಒಂದು ಮೀಟರ್ ಕೋಲು ಕತ್ತರಿಸಿ ಮಕ್ಕಳ ಕೈಯಲ್ಲೇ ಕಳಿಸಿದೆ.

ಬೆಂಗಳೂರಿನಲ್ಲಿದ್ದವರಿಗೆ ಆ ದಿನ 12:17ರ ಹೊತ್ತಿಗೆ ನೆರಳು ಕೋಲಿನ ಬುಡದಲ್ಲಿ ಅಡಗಿತು. ಕಲಬುರಗಿಯ ಅಜ್ಜಿ ಮನೆಗೆ ಹೋಗಿದ್ದ ಹುಡುಗಿ ಅಳುವ ದನಿಯಲ್ಲಿ ಫೋನ್ ಮಾಡಿದಳು. ‘ಅಕ್ಕ, ನಂದು ಎಂಟು ಸೆಂಟಿಮೀಟರ್ ಉಳಿದುಬಿಡ್ತು. ನಾನೇನೋ ತಪ್ಪು ಮಾಡಿದೀನಿ.’ ಉತ್ತರ ನನ್ನ ನಾಲಿಗೆ ತುದಿಯಲ್ಲಿತ್ತು. ‘ಬರೆದಿಟ್ಕೋ ಪುಟ್ಟಿ, ದಿನಾ ನೋಡ್ತಿರು’ ಅಂತ ಮಾತ್ರ ಅಂದೆ. ಮೇ ಎರಡನೇ ವಾರದ ಹೊತ್ತಿಗೆ ಅವಳ ಕೋಲಿನ ನೆರಳೂ ಮಾಯವಾಯಿತು.

ಜೂನ್‌ನಲ್ಲಿ ಶಾಲೆ ಶುರುವಾದಾಗ ಆ ಎಂಟು ಸೆಂಟಿಮೀಟರನ್ನೇ ಮುಂದಿಟ್ಟುಕೊಂಡು ಕೂತೆವು. ಒಂದು ಮೀಟರಿಗೆ ಎಂಟು ಸೆಂಟಿಮೀಟರ್ ಅಂದರೆ, ಚಿತ್ರ ಬರೆದು ಅಳೆದಾಗ ನಾಲ್ಕೂವರೆ ಡಿಗ್ರಿ. ಅದೇ ದಿನ ಬೆಂಗಳೂರಿನಲ್ಲಿ ನೆರಳೇ ಇರಲಿಲ್ಲ, ಹಾಗಾಗಿ ಎರಡು ಊರುಗಳ ನಡುವೆ ದುಂಡು ಭೂಮಿ ಬಾಗಿದ್ದು ಅಷ್ಟೇ ಡಿಗ್ರಿ. ಪೂರ್ತಿ ಸುತ್ತಿನಲ್ಲಿ ಅಂಥ 80 ಪಾಲು. ನಕ್ಷೆಯಲ್ಲಿ ಬೆಂಗಳೂರಿನಿಂದ ಕಲಬುರಗಿ ಉತ್ತರಕ್ಕೆ ಸುಮಾರು 480 ಕಿಲೋಮೀಟರ್. ಗುಣಿಸಿದರೆ 38,400. ಭೂಮಿಯ ನಿಜವಾದ ಸುತ್ತಳತೆ 40,000ದ ಹತ್ತಿರ. ಈಜಿಪ್ಟಿನಲ್ಲಿ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಸುಮಾರು 2,200 ವರ್ಷದ ಹಿಂದೆ ಮಾಡಿದ ಲೆಕ್ಕವೂ ಇದೇ ಅಂತ ಆಮೇಲೆ ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. ತನ್ನ ‘ತಪ್ಪಿನಿಂದ’ ಬಂದ ಸಂಖ್ಯೆಯನ್ನೇ ನೋಡುತ್ತಾ ಕೂತಿದ್ದಳು.

ಮುಂಗಾರಿನ ಮೋಡ ಜೂನ್ 20ರವರೆಗೂ ಬಿಡಲಿಲ್ಲ. ಮಾರನೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಹತ್ತು ನಿಮಿಷ ಬಿಸಿಲು ಬಂತು. ತಟ್ಟೆ ಬಿಟ್ಟು ಓಡಿದವರಲ್ಲಿ ಒಬ್ಬ ಅಲ್ಲಿಂದಲೇ ಕೂಗಿದ: ‘ಅಕ್ಕ, ಬೇಗ ಬನ್ನಿ, ನೆರಳು ಈ ಕಡೆಗೆ ಬಿದ್ದಿದೆ!’ ಹದಿನೆಂಟು ಸೆಂಟಿಮೀಟರ್, ದಕ್ಷಿಣಕ್ಕೆ. ಅಲ್ಲಿಯವರೆಗೆ ಆ ಕಡೆ ನಾವು ಒಂದೂ ಕಲ್ಲು ಇಟ್ಟಿರಲಿಲ್ಲ.